ಮಾವನ ಸ್ನಾನದ ನೀರು ಎಲ್ಲಿಂದ ಬಂತು

ಪಂಪುಗಳ ಆ ಕಟ್ಟಡದಲ್ಲಿ ನಮಗೆ ಎಲ್ಲವನ್ನೂ ತೋರಿಸುತ್ತಿದ್ದ ಹೆಂಗಸು ನಿಜಕ್ಕೂ ಏನು ಹೇಳಿದಳೆಂಬುದು ನನಗೆ ಖಚಿತವಿಲ್ಲ. ಅವಳು ಹೇಳಿದಳೆಂದು ನಾನು ಮಾವನಿಗೆ ಹೇಳಿದ್ದು ಮಾತ್ರ ಖಚಿತ. ಈ ಎರಡರ ನಡುವಿನ ಸಂದಿಯಲ್ಲಿ ನನ್ನ ಇಡೀ ಸ್ವೀಡನ್ ಪ್ರವಾಸ ಸಿಕ್ಕಿಕೊಂಡಿದೆ.

ಮಾವನನ್ನು ಕೇಳಿದರೆ ಅದು ಹೆಂಗಸೇ ಅಲ್ಲ, ಗಡ್ಡದ ಗಂಡಸು ಎನ್ನುತ್ತಾರೆ. ನಮ್ಮ ಬಳಿ ಇರುವುದು ಒಂದೇ ಒಂದು ಫೋಟೊ. ಅದರಲ್ಲಿ ತಲೆಗೆ ಹಳದಿ ಟೋಪಿ, ಕಿವಿಗೆ ದಪ್ಪ ಮುಚ್ಚಳ ಹಾಕಿಕೊಂಡು ನಾವಿಬ್ಬರೂ ನಿಂತಿದ್ದೇವೆ. ಪಕ್ಕದಲ್ಲಿ ಮೂರನೆಯವರ ಮೊಣಕೈ ಮಾತ್ರ ಕಾಣುತ್ತದೆ. ಮೊಣಕೈ ನೋಡಿ ಯಾರೂ ತೀರ್ಪು ಕೊಡಲಾರರು. ನನ್ನ ಡೈರಿಯಲ್ಲಿ ಆ ದಿನದ ಪುಟ ತೆರೆದರೆ "ಕಾಲುಚೀಲ, ಮೊಸರು, ಹಸಿಶುಂಠಿ" ಎಂದಷ್ಟೇ ಇದೆ. ಕುಷ್ಟಗಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವನು ನಾನು. ಅಳೆದಿದ್ದನ್ನು ಮಾತ್ರ ನಂಬಿ, ನೆನಪನ್ನು ನಂಬಬೇಡಿ ಎಂದು ಮಕ್ಕಳಿಗೆ ಹೇಳುತ್ತೇನೆ. ಇಲ್ಲಿ ಬರೆಯುತ್ತಿರುವುದೆಲ್ಲ ನೆನಪು.

ಗಂಗಾವತಿ, ಹೊರಡುವ ಮೊದಲು

ಬಸವಂತಪ್ಪ ನನ್ನ ಸೋದರಮಾವ, ಅವ್ವನ ಅಣ್ಣ. ಹುಟ್ಟೂರು ಮಂಗಳೂರು. ಸಮುದ್ರದ ದಂಡೆಯದಲ್ಲ, ಯಲಬುರ್ಗಾ ಕಡೆಯದು. ಗಂಗಾವತಿಯಲ್ಲಿ ಅವರ ಅಕ್ಕಿ ಗಿರಣಿ ಇದೆ. ಭತ್ತವನ್ನು ಬಿಸಿನೀರಿನಲ್ಲಿ ನೆನೆಸಿ, ಹಬೆಯಲ್ಲಿ ಬೇಯಿಸಿ, ಒಣಗಿಸಿ ಅಕ್ಕಿ ಮಾಡುತ್ತಾರೆ. ಬಾಯ್ಲರಿಗೆ ಉರುವಲು ಅದೇ ಭತ್ತದ ಹೊಟ್ಟು. ನೆನೆಸಿದ ಮೇಲೆ ಉಳಿಯುವ ಬಿಸಿನೀರು ಹಿಂದಿನ ಗುಂಡಿಗೆ ಇಳಿದು, ಅಲ್ಲಿಂದ ಕಾಲುವೆ ಹಿಡಿಯುತ್ತದೆ.

ಚಳಿಗಾಲದ ಬೆಳಗ್ಗೆ ಗಿರಣಿಯ ಹಿಂದಿನ ಓಣಿಯವರು ಆ ಗುಂಡಿಯ ಬಳಿ ಕೊಡ ಹಿಡಿದು ನಿಲ್ಲುತ್ತಾರೆ. ಹೀಗೆಂದು ಯಾರೂ ಏರ್ಪಾಡು ಮಾಡಿದ್ದಲ್ಲ, ತಾನಾಗಿ ಬೆಳೆದ ರೂಢಿ. ಒಣಕಣದಲ್ಲಿ ಭತ್ತ ಹರವುವ ಹನುಮವ್ವ ಅವರಲ್ಲಿ ಮೊದಲನೆಯವಳು, ದೂರು ಹೇಳುವುದರಲ್ಲೂ ಮೊದಲನೆಯವಳು.

"ಸಾವ್ಕಾರ್ರ, ನಿಮ್ಮ ನೀರಾಗ ಜಳಕ ಮಾಡಿದ್ರ ಮೈಯೆಲ್ಲ ಗಂಜಿ ವಾಸನಿ. ಓಣ್ಯಾಗ ಹೊಂಟ್ರ ಕೋಳಿ ಬೆನ್ನ ಹತ್ತತಾವ್ರಿ!"

"ಕೋಳಿಗೆ ಗೊತ್ತೈತಿ ನಮ್ಮ ಅಕ್ಕಿ ಛಲೋ ಅಂತ" ಎಂದು ಮಾವ ನಕ್ಕುಬಿಡುತ್ತಿದ್ದರು.

ಹಳೆಯ ಬಾಯ್ಲರ್ ಬದಲಿಸುವ ಮಾತು ಬಂದಾಗ, ಅದನ್ನು ಮಾರಲು ಬಂದವನೊಬ್ಬ ಉತ್ತರದ ದೇಶಗಳ ಕತೆ ಹೇಳಿಹೋದ. ಅಲ್ಲಿ ಕಾರ್ಖಾನೆಗಳು ಚೆಲ್ಲುವ ಬಿಸಿಯನ್ನು ನೆಲದೊಳಗಿನ ಪೈಪುಗಳಲ್ಲಿ ಊರೆಲ್ಲ ಹರಿಸುತ್ತಾರಂತೆ. ಮನೆ ಬೆಚ್ಚಗಾಗುವುದೂ, ಸ್ನಾನದ ನೀರು ಕಾಯುವುದೂ ಅದರಿಂದಲೇ. ಬೇಸಿಗೆಯಲ್ಲಿ ಆಸ್ಪತ್ರೆ ತಂಪು ಮಾಡುವುದಕ್ಕೂ ಅಂಥದೇ ಪೈಪು. ಮೂರನೆಯ ದಿನ ಮಾವ ನನಗೆ ಫೋನ್ ಮಾಡಿದರು.

"ಅಳಿಯಾ, ಕೇಳಿದ್ದಕ್ಕ ಬಾಯ್ಲರ್ ತಗೊಳ್ಳೂ ಮನಶ್ಯಾ ಅಲ್ಲ ನಾ. ಹೋಗಿ ನೋಡೂಣು. ನೀ ಇಂಗ್ಲಿಷ್ ಮಾತಾಡು, ನಾ ನೋಡ್ತೀನಿ."

ಒಂದು ಕಡೆ ಕೂತು ಪೂರ್ತಿ ವರ್ಷ ಪಾಠ ಮಾಡಿದವನಲ್ಲ ನಾನು. ಬಾಗಿಲ ಕಡೆ ನೋಡುತ್ತಲೇ ಇರುತ್ತೇನೆ. ಹೂಂ ಎಂದೆ.

ಮಾವನ ಷರತ್ತು ಒಂದೇ. ಎಂಟನೆಯ ವಯಸ್ಸಿಗೆ ಲಿಂಗದೀಕ್ಷೆಯಾದ ಮೇಲೆ ಒಂದು ದಿನವೂ ಅವರ ಪೂಜೆ ತಪ್ಪಿಲ್ಲ. ಬೆಳಗ್ಗೆ ಸ್ನಾನ, ಹಣೆಗೆ ಮೂರು ಬೆರಳಿನ ವಿಭೂತಿ, ಆಮೇಲೆ ಎಡ ಅಂಗೈಯಲ್ಲಿ ಇಷ್ಟಲಿಂಗ. ಅಷ್ಟಾಗದೆ ಚಹಾ ಕೂಡ ಗಂಟಲಿಗಿಳಿಯುವುದಿಲ್ಲ. ಅವರಿಗೆ ಸಕ್ಕರೆ ಕಾಯಿಲೆ ಇದೆ, ಹೊತ್ತಿಗೆ ಸರಿಯಾಗಿ ಗುಳಿಗೆ, ಗುಳಿಗೆಯ ಬೆನ್ನಿಗೇ ಊಟ ಆಗಬೇಕು. ಹೊರಡುವಾಗ ಅತ್ತೆ ನನ್ನನ್ನು ಪಕ್ಕಕ್ಕೆ ಕರೆದು, "ಅವ್ರ ಜಳಕದ್ದೊಂದು ನೋಡ್ಕೊ ಯಪ್ಪಾ. ಜಳಕ ಸುದ್ದ ಆದ್ರ ಎಲ್ಲಾ ಸುದ್ದ" ಎಂದರು. ಇಷ್ಟು ಸಣ್ಣ ಜವಾಬ್ದಾರಿ ಯಾರಾದರೂ ವಹಿಸುತ್ತಾರೆಯೇ ಎಂದು ನನಗೆ ಒಳಗೊಳಗೇ ನಗು ಬಂದಿತ್ತು.

ವಿಮಾನ ನಿಲ್ದಾಣದಲ್ಲಿ ಮಾವನ ಚೀಲದ ವಿಭೂತಿ ಗಟ್ಟಿ ನಮ್ಮನ್ನು ತಡೆಯಿತು. ಬಿಳಿ ಗಟ್ಟಿಯನ್ನು ಅಧಿಕಾರಿ ಎರಡು ಬೆರಳಲ್ಲಿ ಹಿಡಿದು ಇದೇನೆಂದ. ನಾನು ಇಂಗ್ಲಿಷಿನಲ್ಲಿ ಶಬ್ದ ಹುಡುಕುವುದರೊಳಗೆ ಮಾವ ಗಟ್ಟಿಗೆ ಬೆರಳು ಉಜ್ಜಿ, ಅವನೆದುರೇ ಹಣೆಗೆ ಮೂರು ಗೆರೆ ಎಳೆದುಕೊಂಡರು. ಅವನು ತಲೆಯಾಡಿಸಿ ಬಿಟ್ಟ. ದುಭಾಷಿಯಾಗಿ ನನ್ನ ಯೋಗ್ಯತೆ ಅಲ್ಲಿಯೇ ತಿಳಿಯಬೇಕಿತ್ತು.

ಬೆಚ್ಚಗಿನ ಚೌಕ

ಸ್ವೀಡನ್ನಿನ ಆ ಊರಿನ ಹೆಸರು ಉಚ್ಚರಿಸಲು ನಮ್ಮಿಬ್ಬರಿಗೂ ಕೊನೆಯವರೆಗೆ ಬರಲಿಲ್ಲ. ಆದ್ದರಿಂದ ಅದನ್ನು ಬಿಡುತ್ತೇನೆ. ಫೆಬ್ರುವರಿ ತಿಂಗಳು. ಸೂರ್ಯ ಬರುವುದು ತಡ, ಬಂದರೂ ಕೆಲಸವಿಲ್ಲದ ನೆಂಟನ ಹಾಗೆ ಒಂದು ಮೂಲೆಯಲ್ಲಿ ಕೂತು ಎದ್ದುಹೋಗುತ್ತಿದ್ದ. ಎಲ್ಲಿ ನೋಡಿದರೂ ಹಿಮ, ಊರ ನಡುವಿನ ಚೌಕವೊಂದನ್ನು ಬಿಟ್ಟು. ಅಲ್ಲಿನ ಹಾಸುಗಲ್ಲುಗಳು ಈಗ ತಾನೇ ಯಾರೋ ತೊಳೆದಂತೆ ಒದ್ದೆಯಾಗಿ, ಕಪ್ಪಗೆ ಹೊಳೆಯುತ್ತಿದ್ದವು. ಮನೆಗಳನ್ನು ಕಾಯಿಸಿ ಹಿಂದಿರುಗುವ ನೀರಿನ ಕೊನೆಯ ಬಿಸಿಯನ್ನು ಆ ಕಲ್ಲುಗಳ ಕೆಳಗೆ ಹಾಯಿಸಿ ಕಳಿಸುತ್ತಾರಂತೆ.

ಮಾವ ನಡುಚೌಕದಲ್ಲಿ ಕುಕ್ಕರುಗಾಲಲ್ಲಿ ಕೂತು ಅಂಗೈಯನ್ನು ಕಲ್ಲಿನ ಮೇಲಿಟ್ಟರು. ಭತ್ತ ಒಣಗಿದೆಯೇ ಎಂದು ಕಣದಲ್ಲಿ ಮುಟ್ಟಿ ನೋಡುವುದೂ ಹೀಗೆಯೇ.

"ಅಳಿಯಾ, ಇಲ್ಲಿ ಒಂದು ಲೋಡ್ ಹರವಬಹುದು ನೋಡು" ಎಂದರು.

ಅತ್ತ ಕಡೆ ಮೂವರು ಮುದುಕಿಯರು ಮಾತಾಡುತ್ತ ನಿಂತಿದ್ದರು. ನಮ್ಮ ಕೊಪ್ಪಳದ ಕಡೆ ಮಾತಿಗೆ ನಿಲ್ಲುವವರು ನೆರಳು ಹುಡುಕುತ್ತಾರೆ. ಇಲ್ಲಿ ಕಾಲಿನ ಕೆಳಗಿನ ಬಿಸಿ ಹುಡುಕುತ್ತಾರೆ, ಅಷ್ಟೇ ವ್ಯತ್ಯಾಸ. ಮಾತು ಮುಗಿಯದಿರುವುದು ಎರಡೂ ಕಡೆ ಒಂದೇ.

ನಾವು ಇಳಿದುಕೊಂಡಿದ್ದು ಇಂಗ್ರಿಡ್ ಎಂಬ ಎಪ್ಪತ್ತರ ಹೆಂಗಸಿನ ಮನೆಯ ಮೇಲಂತಸ್ತಿನಲ್ಲಿ. ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು. ಬಂದ ಗಳಿಗೆಯಿಂದ ಮಾವನನ್ನು "ಬಸವಂತ್" ಎಂದು ಹೆಸರು ಹಿಡಿದೇ ಕರೆದರು. ಅಲ್ಲಿ ಎಲ್ಲರೂ ಎಲ್ಲರನ್ನೂ ಹಾಗೆಯೇ ಕರೆಯುವುದಂತೆ.

"ಬರೇ ಹೆಸರು ಹಿಡದು ಕರ್ಯಾಕಿ ನಮ್ಮವ್ವ ಒಬ್ಬಾಕಿ ಇದ್ಲು" ಎಂದರು ಮಾವ. ಬೇಸರದಿಂದಲೋ ಸಂತೋಷದಿಂದಲೋ ತಿಳಿಯಲಿಲ್ಲ.

ಇಂಗ್ರಿಡ್‌ಗೆ ಒಂದು ಹೆಮ್ಮೆಯಿತ್ತು. ಊರಿನ ಪೈಪಿನಿಂದ ಬಿಸಿಯಾಗಿ ಬಂದ ನೀರು ಅವರ ಮನೆಯಿಂದ ಹಿಂದಿರುಗುವಾಗ ಓಣಿಯಲ್ಲೆಲ್ಲ ಹೆಚ್ಚು ತಣ್ಣಗಿರುತ್ತದೆ ಎಂಬುದು. ಇದೆಂಥ ಹೆಮ್ಮೆ ಎಂದು ನಾನು ಯೋಚಿಸಿದೆ. ನಮ್ಮಲ್ಲಿ ನೆರೆಮನೆಯವರು ಸಾರು ಕೊಟ್ಟ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ, ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡುತ್ತೇವೆ. ಅಲ್ಲಿ ಪಾತ್ರೆಯನ್ನು ಚೆನ್ನಾಗಿ ಬಳಿದು, ಏನೂ ಉಳಿಸದೆ ಕೊಡುವುದೇ ಮರ್ಯಾದೆ. ಬಿಸಿ ಉಳಿಸಿ ಕಳಿಸಿದರೆ ವ್ಯರ್ಥ ಮಾಡಿದಂತೆ.

ಮೊದಲ ಮೂರು ದಿನ ಮಾವ ಬಿಳಿ ತೊಟ್ಟಿಯಲ್ಲಿ ಕೂತು, ಊರಿನಿಂದ ತಂದ ಸ್ಟೀಲಿನ ತಂಬಿಗೆಯಿಂದ ಮೈಮೇಲೆ ಸುರಿದುಕೊಂಡು, ಮನಸಾರೆ ಸ್ನಾನ ಮಾಡಿದರು. "ಉರಿ ಇಲ್ಲ, ಹೊಗಿ ಇಲ್ಲ, ಹಂಡೆ ಇಲ್ಲ. ನಲ್ಲಿ ತಿರುವಿದ್ರ ಕೊತಕೊತ" ಎನ್ನುತ್ತಿದ್ದರು.

ಪಂಪುಗಳ ಮನೆ

ಆ ಬಿಸಿ ಎಲ್ಲಿಂದ ಬರುತ್ತದೆಂದು ನೋಡಲು ಹೋದದ್ದು ಮೂರನೆಯ ದಿನ ಎಂದುಕೊಳ್ಳುತ್ತೇನೆ. ಊರ ಹೊರಗೆ, ಹೊಳೆಯ ಪಕ್ಕದ ಕಟ್ಟಡ. ಒಳಗೆ ಲಾರಿಯಷ್ಟು ದೊಡ್ಡ ಯಂತ್ರಗಳು ಒಂದೇ ಸ್ವರದಲ್ಲಿ ಮೊರೆಯುತ್ತಿದ್ದವು. ಕಿವಿಗೆ ಮುಚ್ಚಳ ಹಾಕಿದರೆ ಮಾತು ಕೇಳುವುದಿಲ್ಲ, ತೆಗೆದರೆ ಯಂತ್ರ ಬಿಟ್ಟು ಬೇರೇನೂ ಕೇಳುವುದಿಲ್ಲ. ನಾನು ಒಂದು ಕಿವಿ ಮುಚ್ಚಿ, ಒಂದು ಕಿವಿ ತೆರೆದು ಅನುವಾದ ಮಾಡುತ್ತಿದ್ದೆ.

ಹೆಂಗಸು (ಅಥವಾ ಗಡ್ಡದವನು) ದಪ್ಪ ಪೈಪಿನ ಮೇಲೆ ಕೈಯಿಟ್ಟು ಉತ್ಸಾಹದಿಂದ ವಿವರಿಸಿದರು. ಊರಿನ ಎಲ್ಲ ಬಚ್ಚಲು, ಶೌಚಾಲಯಗಳ ನೀರು ಇಲ್ಲಿಗೆ ಬರುತ್ತದೆ. ಅದನ್ನು ಶುದ್ಧಮಾಡಿ ಹೊಳೆಗೆ ಬಿಡುವ ಮೊದಲು, ಅದರಲ್ಲಿ ಉಳಿದಿರುವ ಬಿಸಿಯನ್ನು ಹೀರಿಕೊಂಡು ಊರಿಗೆ ಮರಳಿಸುತ್ತೇವೆ. ಫ್ರಿಜ್ಜು ಒಳಗಿನ ಬಿಸಿಯನ್ನು ತೆಗೆದು ಬೆನ್ನ ಹಿಂದೆ ಬಿಡುವುದಿಲ್ಲವೇ, ಹಾಗೆ. ಬಿಸಿ ಕಳೆದುಕೊಂಡು ತಣ್ಣಗಾದ ಕಡೆಯಿಂದ ಬೇಸಿಗೆಯಲ್ಲಿ ಆಸ್ಪತ್ರೆಗೆ ತಂಪು ಕೊಡುತ್ತೇವೆ.

ಎಷ್ಟು ಅಚ್ಚುಕಟ್ಟು ಎಂದು ನಾನು ಮೆಚ್ಚುತ್ತಿದ್ದೆ. ಪಕ್ಕಕ್ಕೆ ತಿರುಗಿ ನೋಡಿದರೆ ಮಾವನ ಮುಖ ಬಿಳುಚಿಕೊಂಡಿತ್ತು.

"ಅಳಿಯಾ, ಮೂರು ದಿನದಿಂದ ನಾ ಜಳಕ ಮಾಡಿದ್ದು ಈ ನೀರಾಗೇನು?"

"ಅಲ್ರಿ ಮಾವಾ. ನಡುವ ಒಂದು ಲೋಹದ ಗೋಡಿ ಇರ್ತೈತಿ. ಬಿಸಿ ಅಷ್ಟ ದಾಟತೈತಿ, ನೀರು ನೀರಿಗೆ ಕೂಡಂಗಿಲ್ಲ."

"ಹಂಗಂದ್ರೇನು ಇವ್ರು?"

"ಹೌದ್ರಿ, ಅಂದ್ರು."

ಮಾವ ನನ್ನ ಮುಖವನ್ನೇ ನೋಡಿದರು. ಭತ್ತದಲ್ಲಿ ಎಷ್ಟು ತೇವ ಇದೆಯೆಂದು ಕಾಳು ಕಚ್ಚಿ ಹೇಳುವ ಮನುಷ್ಯ ಅವರು.

"ನೀ ತಿಳ್ಕೊಂಡಿದ್ದು ಹೇಳಾಕತ್ತಿಯೋ, ಅವ್ರು ಅಂದಿದ್ದು ಹೇಳಾಕತ್ತಿಯೋ?"

ನಾನು ಮತ್ತೊಮ್ಮೆ ಹೌದೆಂದೆ. ನಿಜ ಹೇಳಬೇಕೆಂದರೆ, ಗೋಡೆಯ ಮಾತು ಆಕೆ ಆಡಿದಳೋ, ಪುಸ್ತಕದಲ್ಲಿ ಓದಿದ್ದು ನನ್ನ ಬಾಯಿಂದ ತಾನಾಗಿ ಬಂತೋ ನನಗೇ ಗೊತ್ತಿರಲಿಲ್ಲ. ತಿರುಗಿ ಕೇಳಬಹುದಿತ್ತು. ಆದರೆ ಅಷ್ಟು ವಿವರಿಸಿದ ಮೇಲೆ "ಚರಂಡಿ ನೀರು ಸ್ನಾನಕ್ಕೆ ಬರುತ್ತದೆಯೇ" ಎಂದು ಕೇಳಲು ಕಲಿತವನಿಗೆ ನಾಚಿಕೆ. ಅಷ್ಟರಲ್ಲಿ ನಮ್ಮನ್ನು ಹೊರಗೆ ಕರೆದುಕೊಂಡು ಬಂದಿದ್ದರು.

ಆರಿದ ಕೋಣೆ

ಮರುದಿನ ಬೆಳಗ್ಗೆ ಬಚ್ಚಲಿನಿಂದ "ಶಿವಶಿವಾ!" ಎಂಬ ಕೂಗು ಕೇಳಿ ಎದ್ದೆ. ಮಾವ ತಣ್ಣೀರಿನ ನಲ್ಲಿಯಿಂದ ತಂಬಿಗೆ ತುಂಬಿ ಸುರಿದುಕೊಳ್ಳುತ್ತಿದ್ದರು. ಹಿಮದ ನಾಡಿನ ತಣ್ಣೀರು ಅದು, ಕೈಬೆರಳು ಇಟ್ಟರೆ ಎಲುಬು ನೋಯುತ್ತದೆ. ಕೋಣೆಯೂ ಕೊರೆಯುತ್ತಿತ್ತು. ಕಿಟಕಿಗಳ ಕೆಳಗಿದ್ದ, ಬಿಸಿನೀರು ಓಡಾಡುವ ಕಬ್ಬಿಣದ ಪಟ್ಟಿಗಳನ್ನೆಲ್ಲ ರಾತ್ರಿಯೇ ಬಂದ್ ಮಾಡಿಟ್ಟಿದ್ದರು. ಅದರೊಳಗಿನ ನೀರೂ ಅದೇ ಅಲ್ಲವೇ ಎಂಬುದು ಅವರ ವಾದ.

"ಮಾವಾ, ನಾ ಹೇಳಿದ್ನಲ್ರಿ, ಕೂಡಂಗಿಲ್ಲಂತ."

"ನೀ ಹೇಳಿದಿ. ನಮ್ಮ ಗಿರಣ್ಯಾಗ ಹಬಿ ಸೀದಾ ಭತ್ತದಾಗ ಬಿಡ್ತೀವಿ. ಬಿಸಿ ಬಂತಂದ್ರ ಅದರ ಕೂಡ ನೀರೂ ಬಂತು. ಮೂವತ್ತು ವರ್ಷ ಆತು ನೋಡಾಕತ್ತು."

ಅವರ ತಪ್ಪಿನ ಬೇರು ನನಗೆ ಆಗ ಕಂಡಿತು. ಬಿಸಿಯೊಂದೇ ಪ್ರಯಾಣ ಮಾಡುವುದನ್ನು ಅವರ ಗಿರಣಿಯಲ್ಲಿ ಯಾರೂ ನೋಡಿಲ್ಲ. ಅಲ್ಲಿ ಅದು ಯಾವಾಗಲೂ ಹಬೆಯ ಹೆಗಲೇರಿಯೇ ಬರುತ್ತದೆ.

"ಶರಣರು ಮೈಲಿಗಿ ಇಲ್ಲ ಅಂದಾರಲ್ರಿ" ಎಂದು ಕೊನೆಯ ಬಾಣ ಬಿಟ್ಟೆ.

"ಮನಶ್ಯಾರಿಗೆ ಇಲ್ಲ ಅಂದಾರ. ಗಟಾರಕ್ಕ ಅಂದಿಲ್ಲ."

ಒದ್ದೆ ತಲೆಯಲ್ಲಿ ಪೂಜೆಗೆ ಕೂತರು. ಎಡ ಅಂಗೈ ನಡುಗುತ್ತಿತ್ತು, ಲಿಂಗ ಅಲುಗಿತು. ಬಲಗೈಯಿಂದ ಎಡಗೈಯನ್ನು ಹಿಡಿದುಕೊಂಡೇ ಪೂಜೆ ಮುಗಿಸಿದರು. ಅರವತ್ತು ವರ್ಷದಲ್ಲಿ ಆ ಕೈ ಹಾಗೆ ನಡುಗಿದ್ದನ್ನು ಅವರೂ ನೋಡಿರಲಿಕ್ಕಿಲ್ಲ.

ಎರಡನೆಯ ಬೆಳಗ್ಗೆ ಪರಿಸ್ಥಿತಿ ಇನ್ನೂ ಕೆಟ್ಟಿತು. ಸ್ನಾನವಾಯಿತು, ಆದರೆ ಬೆರಳುಗಳು ಮರಗಟ್ಟಿ, ಲಿಂಗವಿರುವ ಬೆಳ್ಳಿಯ ಕರಡಿಗೆಯನ್ನು ತೆರೆಯಲು ಬರಲಿಲ್ಲ. ನಾನು ತೆರೆದುಕೊಡುತ್ತೇನೆಂದರೆ ಒಪ್ಪಲಿಲ್ಲ. ಪೂಜೆಯಿಲ್ಲ, ಹಾಗಾಗಿ ಊಟವಿಲ್ಲ, ಊಟವಿಲ್ಲದೆ ಗುಳಿಗೆ ಕೊಡುವಂತಿಲ್ಲ. ಕಂಬಳಿ ಹೊದ್ದು ಗೋಡೆಗೆ ಒರಗಿ ಕೂತ ಮಾವನ ತುಟಿ ನೀಲಿಯಾಗಿತ್ತು. "ಮೊದಲಿನ ಮೂರು ದಿನ ಎಂಥಾ ಮೈಲಿಗಿ ಮುಟ್ಟಿದ್ನೋ" ಎಂದು ತಮಗೆ ತಾವೇ ಹೇಳಿಕೊಂಡರು. ಅತ್ತೆ ವಹಿಸಿದ ಆ ಸಣ್ಣ ಜವಾಬ್ದಾರಿ ನೆನಪಾಯಿತು.

ಕೆಳಗಿನ ಮನೆಯವರೆಗೂ ಥಂಡಿ ಇಳಿದಿತ್ತು. ಇಂಗ್ರಿಡ್ ಮೇಲೆ ಬಂದು ಕಬ್ಬಿಣದ ಪಟ್ಟಿ ಮುಟ್ಟಿ ನೋಡಿ, ಕೆಟ್ಟಿದೆಯೆಂದು ರಿಪೇರಿಯವರಿಗೆ ಫೋನ್ ಮಾಡಲು ಹೊರಟರು. ಇನ್ನು ಮುಚ್ಚಿಡುವಂತಿರಲಿಲ್ಲ. ಪೂಜೆ, ಸ್ನಾನ, ಚರಂಡಿ, ನನ್ನ ಗೋಡೆ, ನನ್ನ ಅನುಮಾನ, ಎಲ್ಲವನ್ನೂ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ. ಅವರು ನಗಲಿಲ್ಲ.

"ನಲವತ್ತು ವರ್ಷ ಪಾಠ ಮಾಡಿದೆ. ಈ ಪ್ರಶ್ನೆಯನ್ನು ಒಂದು ಮಗುವೂ ಕೇಳಲಿಲ್ಲ. ಬಸವಂತ್‌ನನ್ನು ಕೆಳಗೆ ಕರೆತನ್ನಿ" ಎಂದರು.

ಇಂಗ್ರಿಡ್‌ರ ನೆಲಮಾಳಿಗೆ

ನೆಲಮಾಳಿಗೆಯ ಗೋಡೆಗೆ ಒಂದು ಬಿಳಿ ಪೆಟ್ಟಿಗೆ ಇತ್ತು. ಮುಚ್ಚಳ ತೆಗೆದರೆ ಒಳಗೆ ತಗಡಿನ ಹಾಳೆಗಳನ್ನು ಒತ್ತಾಗಿ ಪೇರಿಸಿದ ಗಟ್ಟಿ, ನಮ್ಮ ಕಡೆ ಒಣಗಿದ ತೆಳು ಕಟಕ ರೊಟ್ಟಿ ಪೇರಿಸಿಡುತ್ತೇವಲ್ಲ, ಹಾಗೆ. ಒಂದು ಸಂದಿಯಲ್ಲಿ ಊರಿನ ಬಿಸಿನೀರು, ಪಕ್ಕದ ಸಂದಿಯಲ್ಲಿ ಮನೆಯ ಕುಡಿಯುವ ನೀರು. ನಡುವೆ ತಗಡು. ಇಂಗ್ರಿಡ್ ತಮ್ಮೆರಡು ಅಂಗೈಗಳ ನಡುವೆ ಒಂದು ಪೋಸ್ಟ್‌ಕಾರ್ಡ್ ಹಿಡಿದು ತೋರಿಸಿದರು. ಬಿಸಿ ಈ ಕೈಯಿಂದ ಆ ಕೈಗೆ ಹೋಗುತ್ತದೆ, ಕೈ ಕೈಯನ್ನು ಮುಟ್ಟುವುದಿಲ್ಲ.

ಮಾವ ಕೇಳಿದ್ದು ಒಂದೇ ಮಾತು. "ತಗಡು ತೂತು ಬಿದ್ರ?"

ಇದನ್ನು ಅನುವಾದಿಸಿದಾಗ ಇಂಗ್ರಿಡ್‌ರ ಕಣ್ಣು ಹೊಳೆಯಿತು. ಹಿಂದಿನ ಕಪಾಟಿನಲ್ಲಿ ಹಣ್ಣಿನ ಜಾಮಿನ ಶೀಸೆಗಳ ಸಾಲು. ಕೊನೆಯ ಶೀಸೆಯ ಮೇಲೆ ಕೆಂಪು ಅಕ್ಷರದಲ್ಲಿ ತಿನ್ನಬಾರದೆಂದು ಬರೆದಿತ್ತು. ಅದನ್ನು ತೆಗೆದು ದೀಪಕ್ಕೆ ಹಿಡಿದರು. ಒಳಗಿನ ನೀರು ಹಸಿರು, ಹುಲಿಗಿಯಲ್ಲಿ ಗುಡಿಯ ಮುಂದೆ ಮಾರುವ ಹೊಸ ಗಾಜಿನ ಬಳೆಯಂಥ, ಒಳಗಿನಿಂದಲೇ ಬೆಳಗುವ ಹಸಿರು.

ಪೆಟ್ಟಿಗೆ ಬದಲಿಸಲು ಬಂದವನಿಂದ ಇವರು ಕೇಳಿ ಇಸಿದುಕೊಂಡದ್ದಂತೆ. ನೆಲದೊಳಗಿನ ಪೈಪುಗಳಲ್ಲಿ ಊರೆಲ್ಲ ಸುತ್ತುವ ನೀರಿಗೆ ಬೇಕೆಂದೇ ಈ ಬಣ್ಣ ಬೆರೆಸಿರುತ್ತಾರೆ. ಯಾರ ಮನೆಯ ತಗಡು ತೂತಾದರೂ ನಲ್ಲಿಯಲ್ಲಿ ಹಸಿರು ನೀರು ಬರುತ್ತದೆ, ತಕ್ಷಣ ಗೊತ್ತಾಗುತ್ತದೆ.

ಮಾವ ಶೀಸೆಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ಆಮೇಲೆ, "ಶಾಣ್ಯಾರದಾರ. ಹೊಲ ಮೇಯೂ ದನದ ಕೊಳ್ಳಾಗ ಗಂಟಿ ಕಟ್ಟ್ಯಾರ" ಎಂದರು.

ನಂಬಿಬಿಟ್ಟರೆಂದು ನಾನು ಉಸಿರು ಬಿಟ್ಟೆ. ಇಲ್ಲ. ಮಾವ ಒಂದು ಬಿಳಿ ಬೋಗುಣಿ ಕೇಳಿದರು. ತಣ್ಣೀರು ತುಂಬಿಸಿ, ಶೀಸೆಯಿಂದ ಚಮಚೆಯ ತುದಿಯಷ್ಟು ಅದರೊಳಗೆ ಬಿಡಿಸಿದರು. ಬೋಗುಣಿಯ ನೀರೆಲ್ಲ ತೆಳುವಾಗಿ ಹಸಿರಾಯಿತು. ಸ್ವಲ್ಪವೇ ಬೆರೆತರೂ ಕಣ್ಣಿಗೆ ಕಾಣುತ್ತದೆಯೇ ಎಂಬುದು ಅವರ ಪರೀಕ್ಷೆ. ಭೌತಶಾಸ್ತ್ರದವನಿಗೆ ಹೊಳೆಯಬೇಕಾದದ್ದು ಅದು.

ಬೋಗುಣಿ ಹಿಡಿದು ಮೇಲೆ ಬಂದರು, ಹಿಂದೆ ನಾವಿಬ್ಬರು. ಬಿಸಿನೀರಿನ ನಲ್ಲಿ ತಿರುಗಿಸಿದರು. ಹಬೆಯೇಳುವ ನೀರು ಬಿಳಿ ತೊಟ್ಟಿಯ ತಳದಲ್ಲಿ ಹರಡಿತು. ಮಾವ ಬಗ್ಗಿ ನೋಡಿದರು, ಕನ್ನಡಕ ಹಾಕಿಕೊಂಡು ನೋಡಿದರು, ಬೋಗುಣಿಯನ್ನು ಪಕ್ಕದಲ್ಲಿಟ್ಟು ನೋಡಿದರು. ತೊಟ್ಟಿಯ ನೀರಿಗೆ ನೀರಿನದೇ ಬಣ್ಣ.

"ಹಸಿರಿಲ್ಲ" ಎಂದರು ಮಾವ.

"ಇಲ್ರಿ."

"ಮೊದಲಿನ ಮೂರು ದಿನಾನೂ ಇದ್ದಿದ್ದಿಲ್ಲ. ಇದ ಬಿಳಿ ತೊಟ್ಟ್ಯಾಗ ಕುಂತು ಜಳಕ ಮಾಡೀನಿ, ನನಗ ಕಾಣ್ತಿದ್ದಿಲ್ಲೇನು?"

ನೆನಪು ಸಾಕ್ಷಿಯಾಗುವುದಿಲ್ಲ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಆ ಪ್ರವಾಸದಲ್ಲಿ ನಾನು ಮಾಡಿದ ಒಳ್ಳೆಯ ಅನುವಾದ ಅದೊಂದೇ.

"ಹೋಗ್ರಿ ಹೊರಗ. ಮನಶ್ಯಾ ಜಳಕ ಮಾಡ್ಬೇಕು" ಎಂದು ಬಾಗಿಲು ಹಾಕಿಕೊಂಡರು. ಬಾಗಿಲ ಕೆಳಗಿನಿಂದ ಹಬೆ ಬಂತು, ಹಬೆಯ ಹಿಂದೆ ಗುನುಗು ಬಂತು. ಮುಗಿಯುವ ಲಕ್ಷಣವೇ ಕಾಣಲಿಲ್ಲ. ಹೊರಗೆ ಬಂದಾಗ ಮುಖ ಕೆಂಪಾಗಿತ್ತು. ಕರಡಿಗೆಯನ್ನು ತಾವೇ ತೆರೆದರು. ಎಡ ಅಂಗೈ ಮೇಜಿನ ಹಾಗೆ ನಿಶ್ಚಲವಾಗಿತ್ತು.

ಪೂಜೆಯಾದ ಮೇಲೆ ಗುಳಿಗೆ ನುಂಗಿ, ಅಲ್ಲಿನ ಗಟ್ಟಿ ಬ್ರೆಡ್ಡಿಗೆ ಶೇಂಗಾ ಚಟ್ನಿ ಹಚ್ಚಿ ನಾಲ್ಕು ತುಂಡು ತಿಂದರು. ಇಂಗ್ರಿಡ್‌ಗೂ ಒಂದು ಕೊಟ್ಟರು. ಅವರು ಎರಡು ಸಲ ಸೀನಿ, ಕಣ್ಣೊರೆಸಿಕೊಂಡು, ಇನ್ನೊಂದು ಕೇಳಿದರು. ಪಟ್ಟಿಗಳನ್ನೆಲ್ಲ ಮಾವನೇ ಹೋಗಿ ತಿರುಗಿಸಿ ಬಂದರು. ಕಬ್ಬಿಣ ಟಿಕ್ ಟಿಕ್ ಎನ್ನುತ್ತ ಕಾಯತೊಡಗಿತು. ಕುರ್ಚಿಯಲ್ಲಿ ಕೂತಲ್ಲೇ ನನಗೆ ನಿದ್ದೆ ಬಂತು.

ಮತ್ತೆ ಗಂಗಾವತಿ

ಹೊಸ ಬಾಯ್ಲರ್ ಇನ್ನೂ ಬಂದಿಲ್ಲ. ಊರಿಗೆ ಮರಳಿದ ಹದಿನೈದು ದಿನದಲ್ಲಿ ಮಾವ ಮಾಡಿದ್ದು ಬೇರೆ. ಗಿರಣಿಯ ಹಿಂದಿನ ಬಿಸಿನೀರಿನ ಗುಂಡಿಯೊಳಗೆ ಸುರುಳಿ ಸುತ್ತಿದ ಪೈಪೊಂದನ್ನು ಮುಳುಗಿಸಿದರು. ಒಂದು ತುದಿಯಿಂದ ಬೋರಿನ ಒಳ್ಳೆಯ ನೀರು ಒಳಗೆ ಹೋಗುತ್ತದೆ, ಇನ್ನೊಂದು ತುದಿ ಗೋಡೆಯಾಚೆ ಓಣಿಯ ಕಡೆ ನಲ್ಲಿಯಾಗಿ ಹೊರಬರುತ್ತದೆ. ಮೊದಲ ದಿನ ಓಣಿಯವರನ್ನೆಲ್ಲ ಕರೆದು, ಅವರೆದುರಿಗೆ ಹೋಳಿಯ ಹಸಿರು ಬಣ್ಣವನ್ನು ಒಂದು ಬೊಗಸೆ ಗುಂಡಿಗೆ ಸುರಿದರು.

ಹನುಮವ್ವ ನಲ್ಲಿಯ ಕೆಳಗೆ ಕೊಡ ಹಿಡಿದು, ಬಗ್ಗಿ ನೋಡಿ, ಮೂಸಿ ನೋಡಿದಳು.

"ಬಣ್ಣ ಬರ್ಲಿಲ್ಲಲ್ರಿ ಸಾವ್ಕಾರ್ರ. ವಾಸನೀನೂ ಇಲ್ಲ. ಇನ್ನ ಮ್ಯಾಲ ನನ್ನ ಬೆನ್ನ ಹಿಂದ ಯಾರು ಬರ್ಬೇಕ್ರಿ?"

ಓಣಿಯೆಲ್ಲ ನಕ್ಕಿತು. ಮಾವ ನನ್ನ ಕಡೆ ತಿರುಗಿ, ಇದನ್ನು ಇಂಗ್ರಿಡ್‌ಗೆ ಇಂಗ್ಲಿಷಿನಲ್ಲಿ ಬರೆದು ಕಳಿಸು ಎಂದರು. ಕೋಳಿಯ ಮಾತಿನೊಂದಿಗೆ ಬರೆದು ಕಳಿಸಿದೆ.

ಅದೇ ದಿನ ಪಂಪುಗಳ ಮನೆಗೂ ಒಂದು ಪತ್ರ ಬರೆದೆ. ಅವತ್ತು ನಮಗೆ ತೋರಿಸಿದವರು ಹೆಂಗಸೋ ಗಂಡಸೋ ಎಂದು ಕೇಳಲು ಧೈರ್ಯವಾಗಲಿಲ್ಲ. ಅವರು ಗೋಡೆಯ ಮಾತು ಆಡಿದ್ದರೇ ಎಂಬುದನ್ನೂ ಕೇಳಲಿಲ್ಲ, ಅದು ಅವರಿಗೂ ನೆನಪಿರಲಾರದು. ಚರಂಡಿಯ ನೀರಿನಿಂದ ಸ್ನಾನದ ನೀರಿನವರೆಗೆ ಬಿಸಿ ಹೇಗೆ ಬರುತ್ತದೆ ಎಂದಷ್ಟೇ ಕೇಳಿದೆ. ಉತ್ತರದ ಜೊತೆ ಒಂದು ನಕ್ಷೆ ಬಂತು. ಅದನ್ನು ಎರಡು ಸಲ ನೋಡಿದೆ, ಆಮೇಲೆ ನನ್ನಲ್ಲಿದ್ದ ಪುಸ್ತಕಗಳೊಂದಿಗೆ ಹೋಲಿಸಿದೆ. ಚರಂಡಿಯ ನೀರಿಗೂ ಯಂತ್ರದೊಳಗಿನ ದ್ರವಕ್ಕೂ ನಡುವೆ ಒಂದು ಲೋಹದ ಗೋಡೆ. ಆ ದ್ರವಕ್ಕೂ ಊರಿನ ಹಸಿರು ನೀರಿಗೂ ನಡುವೆ ಒಂದು. ಹಸಿರು ನೀರಿಗೂ ಮಾವನ ತಂಬಿಗೆಯ ನೀರಿಗೂ ನಡುವೆ ಇಂಗ್ರಿಡ್ ತೋರಿಸಿದ್ದೊಂದು.

ನಾನು ಮಾವನಿಗೆ ಒಂದು ಗೋಡೆ ಎಂದಿದ್ದೆ. ಇರುವುದು ಮೂರು.